ಐದು ಚದರದಲ್ಲಿ ಐವರು

ರಾತ್ರಿ ಹತ್ತೂವರೆ ಆಯಿತೆಂದರೆ ನಮ್ಮ ಹಾಲ್‌ನಲ್ಲಿ ಒಂದು ಸದ್ದು ಕೇಳುತ್ತದೆ. ಗೋಡೆಗೆ ಕೂಡಿಸಿದ ಮೇಜಿನ ಅಡಿಯಲ್ಲಿರುವ ಎರಡು ಕಬ್ಬಿಣದ ಕೈಗಳನ್ನು ಮಗ ಮಡಚುತ್ತಾನೆ. ಹಲಗೆ ಮೆಲ್ಲಗೆ ಕೆಳಗಿಳಿದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಅಷ್ಟು ಹೊತ್ತು ಅಕ್ಕ ಕೂತು ಓದುತ್ತಿದ್ದ ಜಾಗದಲ್ಲೇ ತಮ್ಮ ಹಾಸಿಗೆ ಬಿಚ್ಚಿ ಮಲಗುತ್ತಾನೆ. ಬೆಳಿಗ್ಗೆ ಆರಕ್ಕೆ ಹಾಸಿಗೆ ಸುತ್ತಿ, ಮೇಜು ಎತ್ತಿದರೆ ಅತ್ತೆ ಬಂದು ಹೂ ಕಟ್ಟಲು ಕೂರುತ್ತಾರೆ. ಏಳೂವರೆಗೆ ಅದರ ಮೇಲೆ ತಿಂಡಿ ತಟ್ಟೆಗಳು. ಎಂಟೂವರೆಯ ಮೇಲೆ ನಮ್ಮ ಯಜಮಾನರ ಲ್ಯಾಪ್‌ಟಾಪು. ಒಂದೇ ಜಾಗ, ದಿನಕ್ಕೆ ಐದು ಕೆಲಸ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಬೆಂಗಳೂರಿನ ದಕ್ಷಿಣಕ್ಕೆ, ಉತ್ತರಹಳ್ಳಿಯ ಕಡೆ, 2018ರಲ್ಲಿ ಎರಡು ಕೋಣೆಯ ಈ ಫ್ಲ್ಯಾಟು ಕೊಂಡೆವು. ನಾನು, ಯಜಮಾನರು, ಪಿಯುಸಿ ಓದುವ ಮಗಳು, ಎಂಟನೇ ತರಗತಿಯ ಮಗ, ತುಮಕೂರಿನಿಂದ ಬಂದು ನಮ್ಮೊಡನಿರುವ ಅತ್ತೆ. ಒಟ್ಟು ಐದು ಜನ. ಪತ್ರದಲ್ಲಿ ಮನೆ 785 ಚದರಡಿ. ಗೃಹಪ್ರವೇಶಕ್ಕೆ ಬಂದ ನೆಂಟರಿಗೆಲ್ಲ ಎಂಟು ಚದರದ ಮನೆ ಎಂದೇ ಹೇಳಿದ್ದೆವು. ಆಮೇಲೆ ಒಂದು ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದೆ. ಕಾಲಿಡಲು ಸಿಗುವ ನೆಲ 505 ಚದರಡಿ.

ಮಿಕ್ಕಿದ್ದೆಲ್ಲಿ ಹೋಯಿತು? ಮೋಸವೇನೂ ಆಗಿರಲಿಲ್ಲ, ನಾವು ಓದಿಕೊಂಡಿರಲಿಲ್ಲ ಅಷ್ಟೆ. 785 ಅನ್ನುವುದು ಸೂಪರ್ ಬಿಲ್ಟ್-ಅಪ್ ಲೆಕ್ಕ; ಮೆಟ್ಟಿಲು, ಲಿಫ್ಟು, ಕಾರಿಡಾರುಗಳಲ್ಲಿ ನಮ್ಮ ಪಾಲು ಅದರಲ್ಲಿ ಸೇರಿರುತ್ತದೆ. ಜನ ರೇರಾ ಎಂದು ಕರೆಯುವ 2016ರ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೆ ಏನೆಂದು ಸ್ಪಷ್ಟವಾಗಿ ಹೇಳಿದೆ. ಹೊರಗೋಡೆ, ಪೈಪುಗಳು ಹಾದುಹೋಗುವ ಡಕ್ಟು, ಬಾಲ್ಕನಿ, ತೆರೆದ ತಾರಸಿ ಇವನ್ನು ಬಿಟ್ಟು ಉಳಿಯುವ, ಬಳಸಲು ಸಿಗುವ ನೆಲ ಅದು. ಆದರೆ ಕೋಣೆಗಳ ನಡುವಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ. ನಮ್ಮ ಕಾಗದದಲ್ಲಿ ಆ ಅಂಕಿ 547. ಅಡ್ಡಗೋಡೆ ಕಳೆದರೆ ನನ್ನ ಟೇಪಿನ 505. ಐದು ಜನಕ್ಕೆ ಐದು ಚದರ, ತಲೆಗೊಂದು. ಮನೆ ಕೊಳ್ಳುವವರಾಗಲಿ, ಬಾಡಿಗೆಗೆ ನೋಡುವವರಾಗಲಿ ಕೇಳಬೇಕಾದ ಮೊದಲ ಅಂಕಿ ಈ ಕಾರ್ಪೆಟ್ ಏರಿಯಾ.

ಅಂಕಿ ಕೈಗೆ ಬಂದ ಮೇಲೆ ನನ್ನ ತಲೆ ಅದರ ಹಿಂದೆಯೇ ಓಡಿತು. ಮನೆಗೆ ಕೊಟ್ಟ ಹಣವನ್ನು 505ರಿಂದ ಭಾಗಿಸಿದರೆ ಒಂದು ಚದರಡಿಗೆ ಸುಮಾರು ಒಂಬತ್ತು ಸಾವಿರ ರೂಪಾಯಿ ಬಿತ್ತು. ಆಗ ಹಾಲ್‌ನಲ್ಲಿ ಮೂರು ಜನ ಕೂರುವ ಒಂದು ಸೋಫಾ, ಒಬ್ಬೊಬ್ಬರದು ಎರಡು ಇದ್ದವು. ಅಳೆದೆ. ಮೂರೂ ಸೇರಿ 39 ಚದರಡಿ ನೆಲ. 42 ಸಾವಿರದ ಸೋಫಾ ಮೂರೂವರೆ ಲಕ್ಷದ ನೆಲವನ್ನು ಹಿಡಿದುಕೊಂಡಿತ್ತು. ಅದರ ಮೇಲೆ ವಾರದಲ್ಲಿ ಎಷ್ಟು ಹೊತ್ತು ಕೂರುತ್ತಿದ್ದೆವೆಂದು ಮಗಳು ಬರೆದಿಟ್ಟಳು. ಹೆಚ್ಚು ಹೊತ್ತು ಅದರ ಮೇಲೆ ಇದ್ದದ್ದು ಒಗೆದು ತಂದು ಮಡಿಸಲು ಹಾಕಿದ ಬಟ್ಟೆ. ಯಾವ ಸಾಮಾನೇ ಇರಲಿ, ಅದರ ಬೆಲೆ ಚೀಟಿಯಲ್ಲಿ ಬರೆದದ್ದು ಒಂದು, ಅದು ತುಳಿಯುವ ನೆಲದ್ದು ಇನ್ನೊಂದು. ಎರಡನ್ನೂ ಕೂಡಿಸದೆ ಅಂಗಡಿಗೆ ಹೋಗಬಾರದು ಎಂಬುದು ಅಂದು ನನಗೆ ತಿಳಿಯಿತು.

ಸೋಫಾ ಹೋದ ಮೇಲೆ ಏನು ಮಾಡಬೇಕೆಂದು ಯೋಚಿಸುವಾಗ ನನಗೆ ನೆನಪಾದದ್ದು ನಾನು ಹುಟ್ಟಿ ಬೆಳೆದ ವಠಾರ.

ಚಾಮರಾಜಪೇಟೆಯಲ್ಲಿ, ಎದುರುಬದುರು ಸಾಲಿನಲ್ಲಿ ಹನ್ನೊಂದು ಮನೆ, ನಡುವೆ ಉದ್ದನೆಯ ಅಂಗಳ, ಎರಡು ನಲ್ಲಿ. ನಮ್ಮದು ಮೂರನೆಯ ಮನೆ. ಹತ್ತಡಿಗೆ ಹತ್ತಡಿಯ ನಡುಮನೆ, ಅದರ ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲಿ ಬಚ್ಚಲು. ಅಪ್ಪ, ಅಮ್ಮ, ಅಜ್ಜಿ, ನಾವು ಮೂವರು ಮಕ್ಕಳು. ಇಂದಿನ ನಮ್ಮ ಹಾಲ್ ಒಂದೇ ಆ ಇಡೀ ಮನೆಗೆ ಹತ್ತಿರ ಹತ್ತಿರ ಸಮ. ಅಲ್ಲಿ ಮಂಚ ಇರಲಿಲ್ಲ. ಹಾಸಿಗೆಗಳನ್ನು ಬೆಳಿಗ್ಗೆ ಸುತ್ತಿ ಗೋಡೆ ಪಕ್ಕದ ಮರದ ಬೆಂಚಿನ ಮೇಲೆ ಪೇರಿಸಿ, ಮೇಲೊಂದು ಜಮಖಾನ ಹೊದಿಸಿದರೆ ಹಗಲಿಗೆ ಅದೇ ಒರಗುದಿಂಬು. ಗೋಡೆಯಲ್ಲೇ ಗೂಡು, ಅದರಲ್ಲಿ ದೇವರ ದೀಪ. ಬಾಗಿಲ ಹಿಂದೆ ಗೂಟಗಳು, ಅಪ್ಪನ ಅಂಗಿ ಅಲ್ಲಿ. ಅಡುಗೆಮನೆಯ ಮೇಲೆ ಅಟ್ಟ. ಜಂತೆಗೆ ಕಟ್ಟಿದ ಗಳದ ಮೇಲೆ ಅಜ್ಜಿಯ ಮಡಿ ಸೀರೆ. ಮೂಲೆಯಲ್ಲಿಟ್ಟ ಮಡಿಕೋಲಿನಿಂದ ಅದನ್ನು ಅಜ್ಜಿ ಕೆಳಗೆ ನಿಂತೇ ಹರವುತ್ತಿದ್ದರು, ಕೆಳಗೆ ನಿಂತೇ ತೆಗೆಯುತ್ತಿದ್ದರು. ಬಟ್ಟೆ ಒಣಗುವುದಕ್ಕೆ ನೆಲದ ಒಂದು ಅಂಗುಲವೂ ಖರ್ಚಾಗುತ್ತಿರಲಿಲ್ಲ. ಈಗ ಬಾಲ್ಕನಿಯ ಚಾವಣಿಗೆ ರಾಟೆ ಹಾಕಿ, ಹಗ್ಗ ಎಳೆದರೆ ಮೇಲಕ್ಕೇರುವ ಸ್ಟೀಲು ಕಂಬಿಗಳನ್ನು ಅಂಗಡಿಯಲ್ಲಿ ಮಾರುತ್ತಾರೆ. ಅದು ಅಜ್ಜಿಯ ಗಳವೇ. ನಮ್ಮ ಮನೆಯಲ್ಲೂ ಹಾಕಿಸಿದ್ದೇವೆ. ನೆಲದ ಮೇಲೆ ರೆಕ್ಕೆ ಬಿಚ್ಚಿ ನಿಲ್ಲುತ್ತಿದ್ದ ಬಟ್ಟೆ ಸ್ಟ್ಯಾಂಡು ಅಂದೇ ಮನೆ ಬಿಟ್ಟಿತು.

ವಠಾರದಲ್ಲಿ ಕಷ್ಟವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ನಲ್ಲಿಯ ಮುಂದಿನ ಸಾಲು, ಬೆಳಗಿನ ಹೊತ್ತು ಕಕ್ಕಸಿಗೆ ಕಾಯುವುದು, ಪಕ್ಕದ ಮನೆಯ ಜಗಳವೆಲ್ಲ ನಮ್ಮ ಮನೆಯೊಳಗೆ ಕೇಳುವುದು, ಅದನ್ನೆಲ್ಲ ಮತ್ತೆ ಬಯಸುವವಳಲ್ಲ. ಆದರೆ ಆ ಮನೆಗೆ ಒಂದು ವಿದ್ಯೆ ಗೊತ್ತಿತ್ತು. ಅದು ಜಾಗವನ್ನು ಗೋಡೆಯಿಂದ ಪಾಲು ಮಾಡುತ್ತಿರಲಿಲ್ಲ, ಹೊತ್ತಿನಿಂದ ಪಾಲು ಮಾಡುತ್ತಿತ್ತು.

ಇದೇ ವಿದ್ಯೆ ರೈಲಿಗೂ ಗೊತ್ತು. ಅಪ್ಪ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿದ್ದರು, ಬೇಸಿಗೆ ರಜೆ ಬಂದರೆ ಪಾಸಿನ ಪ್ರಯಾಣ. ಹಳೆಯ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತ್. ಹಗಲಿನಲ್ಲಿ ಮಧ್ಯದ ಬರ್ತು ಕೆಳಗೆ ಕೂತವರ ಬೆನ್ನಿಗೆ ಒರಗು. ರಾತ್ರಿ ಕೊಂಡಿ ಹಾಕಿದರೆ ಒಬ್ಬರಿಗೆ ಮಂಚ. ಮಲಗುವ ಹೊತ್ತು ರಾತ್ರಿ 10ರಿಂದ ಬೆಳಿಗ್ಗೆ 6 ಎಂದು ರೈಲ್ವೆ ಕಟ್ಟಳೆ ಮಾಡಿರುವುದು ಸುಮ್ಮನೆ ಅಲ್ಲ. ಕೊಂಡಿ, ಸರಪಳಿ ಎಷ್ಟು ಗಟ್ಟಿಯಿದ್ದರೂ ಹೊತ್ತಿನ ಒಪ್ಪಂದ ಇಲ್ಲದಿದ್ದರೆ ಆ ಬೋಗಿಯಲ್ಲಿ ಯಾರೂ ನೆಮ್ಮದಿಯಾಗಿ ಕೂರಲಾಗದು, ಮಲಗಲೂ ಆಗದು. ಮನೆಯಲ್ಲೂ ಹಾಗೆಯೇ. ಮಡಚುವ ಮೇಜು ಕೊಂಡವರ ಮನೆಗಳಲ್ಲಿ ಅದು ವರ್ಷವಿಡೀ ಬಿಚ್ಚಿಯೇ ಇರುವುದನ್ನು ನೋಡಿದ್ದೇನೆ. ಮಡಚುವ ಹೊತ್ತು ಯಾವುದು, ಮಡಚುವವರು ಯಾರು ಎಂದು ಮೊದಲೇ ತೀರ್ಮಾನ ಆಗಿರುವುದಿಲ್ಲ. ನಮ್ಮ ಮನೆಯಲ್ಲಿ ಅದು ಮಗನ ಕೆಲಸ, ಹತ್ತೂವರೆಗೆ. ಪರೀಕ್ಷೆಯ ದಿನಗಳಲ್ಲಿ ಮಗಳಿಗೆ ಹನ್ನೊಂದೂವರೆಯವರೆಗೆ ಸಮಯ ಬೇಕಾದರೆ ಅವನು ನಮ್ಮ ಕೋಣೆಯಲ್ಲಿ ನೆಲದ ಮೇಲೆ ಮಲಗುತ್ತಾನೆ. ಇದನ್ನೂ ಮಾತಾಡಿ ಗೊತ್ತುಮಾಡಿಕೊಂಡಿದ್ದೇವೆ.

ಆ ಮೇಜಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಮನೆ ತಿರುಗಿದ್ದೇ ಅದರಿಂದ. ಉದ್ದ ಮೂರೂವರೆ ಅಡಿ, ಅಗಲ ಎರಡಡಿ, ನೆಲದಿಂದ ಎತ್ತರ 30 ಇಂಚು. ಹಲಗೆ ಕೆಳಗೆ ಬಿದ್ದಾಗ ನೆಲಕ್ಕೂ ಅದಕ್ಕೂ ಆರು ಇಂಚು ಸಂದು ಉಳಿಯುತ್ತದೆ, ಪೊರಕೆ ಸಲೀಸಾಗಿ ಹೋಗುತ್ತದೆ. ಮಡಚಿದಾಗ ಗೋಡೆಯಿಂದ ನಾಲ್ಕು ಇಂಚು ಮಾತ್ರ ಮುಂದಕ್ಕಿರುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಗೆ ನಾನೂ ಮರಗೆಲಸದ ಆಚಾರ್ರೂ ಹೋಗಿ ಎಂಟಡಿಗೆ ನಾಲ್ಕಡಿಯ ಒಂದು ಪ್ಲೈವುಡ್ ಹಾಳೆ ತಂದೆವು. ಮೇಜು, ಅದರ ಮೇಲಿನ ಪುಸ್ತಕದ ಹಲಗೆ, ಚಪ್ಪಲಿ ಗೂಡು ಮೂರೂ ಅದರಲ್ಲೇ ಆದವು. ಕೆಲಸ ಮುಗಿದ ಸಂಜೆ ನಾನು ದುಡ್ಡು ಎಣಿಸುತ್ತಿದ್ದರೆ ಆಚಾರ್ರು ಬೇಡವೆಂದರು.

"ಇವತ್ತು ಬೇಡ ಮೇಡಂ. ಮಗು ಓದ್ತಾ ಓದ್ತಾ ಮೊಣಕೈ ಊರಿ ಮುಂದಕ್ಕೆ ಬಾಗುತ್ತೆ. ಆಗ ತುದಿಗೆ ಎಷ್ಟು ಭಾರ ಬೀಳುತ್ತೆ ಅಂತ ಯಾರೂ ಲೆಕ್ಕ ಹಾಕಲ್ಲ. ಅಕ್ಕಿ ಮೂಟೆ ಇದೆಯಾ?"

25 ಕೆಜಿಯ ಮೂಟೆ ಇತ್ತು. ಅದನ್ನು ಹಲಗೆಯ ಹೊರತುದಿಗೆ ಇಟ್ಟು, ಗೋಡೆಯೂ ಮೇಜನ್ನು ಹಿಡಿದ ಪಟ್ಟಿಯೂ ಸೇರುವ ಕಡೆ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಎಳೆದು ಹೋದರು. ಮರುದಿನ ಬಂದು ಗೆರೆ ನೋಡಿದರು. ಒಂದು ಕಡೆ ಕೂದಲೆಳೆಯಷ್ಟು ಸರಿದಿತ್ತು. ಆ ಬದಿಯ ಬೋಲ್ಟುಗಳನ್ನು ಬಿಚ್ಚಿ, ಎರಡು ಇಂಚು ಮೇಲೆ ಗಟ್ಟಿ ಜಾಗ ಹುಡುಕಿ ಹೊಸ ತೂತು ಕೊರೆದು ಮತ್ತೆ ಕೂರಿಸಿ, ಮೂಟೆಯನ್ನು ಇನ್ನೊಂದು ರಾತ್ರಿ ಇಟ್ಟರು. ಗೆರೆ ಕದಲಲಿಲ್ಲ. ದುಡ್ಡು ತೆಗೆದುಕೊಂಡದ್ದು ಮೂರನೆಯ ದಿನ. ಗೋಡೆಗೆ ಏನನ್ನಾದರೂ ತೂಗುಹಾಕುವ ಮೊದಲು ಗೋಡೆ ಯಾವುದೆಂದು ತಿಳಿಯಬೇಕು ಎಂದು ಕಲಿಸಿದವರು ಅವರೇ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಟೊಳ್ಳು ಬ್ಲಾಕಿಗೂ ಕಾಂಕ್ರೀಟು ಕಂಬಕ್ಕೂ ಸದ್ದು ಬೇರೆ. ಈಚಿನ ಹಲವು ಅಪಾರ್ಟ್‌ಮೆಂಟುಗಳಲ್ಲಿ ಗೋಡೆಗಳನ್ನೂ ಚಾವಣಿಯನ್ನೂ ಅಲ್ಯೂಮಿನಿಯಂ ಅಚ್ಚಿನಲ್ಲಿ ಒಟ್ಟಿಗೆ ಕಾಂಕ್ರೀಟಿನಲ್ಲೇ ಎರಕ ಹೊಯ್ಯುತ್ತಾರೆ. ಅಲ್ಲಿ ಗೋಡೆಯೇ ಕಟ್ಟಡದ ಭಾರ ಹೊರುತ್ತದೆ. ಅಂಥ ಗೋಡೆಯಲ್ಲಿ ಗೂಡು ಕೊರೆಸುವುದಾಗಲಿ, ಒಡೆದು ಎರಡು ಕೋಣೆ ಒಂದು ಮಾಡುವುದಾಗಲಿ ಮಾಡಲೇಬಾರದು.

ಸೋಫಾದ ಜಾಗಕ್ಕೆ ಆರಡಿ ಉದ್ದ, ಎರಡಡಿ ಅಗಲದ ಬೆಂಚು ಬಂತು. 12 ಚದರಡಿ. ಮುಚ್ಚಳ ಎತ್ತಿದರೆ ಒಳಗೆ ಮಗನ ಹಾಸಿಗೆ, ನೆಂಟರಿಗೆ ಎರಡು ಹಾಸಿಗೆ, ದಿಂಬು. ಮಿಕ್ಕ ನೆಲ ಖಾಲಿ. ಊರಿಂದ ನೆಂಟರು ಬಂದರೆ ಆ ಖಾಲಿ ನೆಲದಲ್ಲಿ ಜಮಖಾನ ಹಾಸಿ ಎಂಟು ಜನಕ್ಕೆ ಎಲೆ ಹಾಕಿ ಬಡಿಸುತ್ತೇವೆ. ಸೋಫಾ ಇದ್ದಾಗ ನಾಲ್ವರಿಗೆ ಬಡಿಸುವುದೇ ಕಷ್ಟವಾಗಿತ್ತು.

ಹಾಸಿಗೆ ಸುತ್ತಿಡುವ ಮಾತು ಎಲ್ಲರಿಗೂ ಹೊಂದುವುದಿಲ್ಲ, ಅದನ್ನು ಹೇಳಲೇಬೇಕು. ಅತ್ತೆಗೆ ಮಂಡಿನೋವು. ನೆಲದಿಂದ ಏಳುವುದು ಅವರಿಗೆ ಶಿಕ್ಷೆ. ಸಣ್ಣ ಕೋಣೆಯಲ್ಲಿ ಅವರಿಗೆ ಮೂರಡಿ ಅಗಲದ ಮಂಚ ಕದಲದಂತೆ ಇದೆ. ಅದರ ಅಡಿಯಲ್ಲಿ ಚಕ್ರವಿರುವ ಇನ್ನೊಂದು ತಗ್ಗು ಮಂಚ, ರಾತ್ರಿ ಎಳೆದರೆ ಮಗಳಿಗೆ. ಅತ್ತೆಯ ಸೀರೆ, ಔಷಧಿ, ಜಪಮಣಿ, ಕನ್ನಡಕ ಎಲ್ಲವೂ ಅವರ ಸೊಂಟದಿಂದ ಭುಜದವರೆಗಿನ ಎತ್ತರದಲ್ಲೇ ಇವೆ. ಬಗ್ಗಬಾರದು, ಕೈ ಚಾಚಿ ಸ್ಟೂಲು ಹತ್ತಬಾರದು. ಚಿಕ್ಕ ಮನೆಯಲ್ಲಿ ಆ ಎತ್ತರದ ಹಲಗೆಗಳೇ ಎಲ್ಲಕ್ಕಿಂತ ಬೆಲೆಬಾಳುವವು. ಅವನ್ನು ಮನೆಯ ಹಿರಿಯರಿಗೂ ದಿನಬಳಕೆಗೂ ಬಿಡದೆ ಶೋಪೀಸುಗಳಿಗೆ ಕೊಡುವುದು ನನಗೆ ಸರಿಯೆನಿಸದು.

ಅಡುಗೆಮನೆಗೆ ಬಂದರೆ ನಮ್ಮದು ಎಂಟಡಿಗೆ ಏಳಡಿ, 56 ಚದರಡಿ. ಊಟಕ್ಕೆ ಬೇರೆ ಜಾಗ ಇರುವ ಮನೆಯಲ್ಲಿ ಅಡುಗೆಮನೆ ಐದು ಚದರ ಮೀಟರಿಗಿಂತ, ಅಂದರೆ ಸುಮಾರು 54 ಚದರಡಿಗಿಂತ ಕಿರಿದಾಗಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮದು ಆ ಗೆರೆಯ ಮೇಲೆ ನಿಂತಿದೆ. ಇಷ್ಟು ಸಣ್ಣದರಲ್ಲಿ ಐದು ಜನದ ಅಡುಗೆ ಹೇಗೆ ಎಂದು ಹುಡುಕುತ್ತಾ ಓದಿದಾಗ ಸಿಕ್ಕಿದವರು ಮಾರ್ಗರೆಟೆ ಶ್ಯುಟ್ಟೆ-ಲಿಹೊಟ್ಸ್ಕಿ. ವಿಯೆನ್ನಾದ ಈ ವಾಸ್ತುಶಿಲ್ಪಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರ ಕೆಲಸಗಾರರಿಗೆಂದು ಕಟ್ಟುತ್ತಿದ್ದ ಮನೆಗಳಿಗೆ ಒಂದು ಅಡುಗೆಮನೆ ರೂಪಿಸಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ನಮ್ಮ ಲೆಕ್ಕದಲ್ಲಿ 70 ಚದರಡಿ. ಅವರಿಗೆ ಮಾದರಿಯಾದದ್ದು ರೈಲಿನ ಊಟದ ಬೋಗಿಯ ಅಡುಗೆಮನೆ ಎಂದು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಷ್ಟು ಕಿರಿದಾದ ಜಾಗದಲ್ಲಿ ನಿಂತು ರೈಲಿನವರು ನೂರಾರು ಜನಕ್ಕೆ ಬೇಯಿಸುತ್ತಾರಲ್ಲ! ಹೆಂಗಸು ದಿನಕ್ಕೆ ಎಷ್ಟು ಹೆಜ್ಜೆ ಸುಮ್ಮನೆ ಸವೆಸುತ್ತಾಳೆ ಎಂಬುದರ ಮೇಲೆ ಲಿಹೊಟ್ಸ್ಕಿ ಇಡೀ ಅಡುಗೆಮನೆ ಕೂರಿಸಿದರು. ದಿನಸಿಗೆ ಹಿಡಿಯಿದ್ದು ಮೂತಿಯಿಂದ ಸುರಿಯಬಹುದಾದ ಅಲ್ಯೂಮಿನಿಯಂ ಡಬ್ಬಿಗಳು, ಗೋಡೆಯಿಂದ ಕೆಳಗಿಳಿಯುವ ಇಸ್ತ್ರಿ ಹಲಗೆ, ಕೂತು ತರಕಾರಿ ಹೆಚ್ಚಲು ಸ್ಟೂಲು, ಎಲ್ಲವನ್ನೂ ಯೋಚಿಸಿದ್ದರು. ಸುಮಾರು ಹತ್ತು ಸಾವಿರ ಮನೆಗಳಿಗೆ ಅದನ್ನು ಹಾಕಿದರು. ಇಂದಿನ ಮಾಡ್ಯುಲರ್ ಕಿಚನ್ನುಗಳ ತಾಯಿಬೇರು ಅದು.

ನಾನೂ ಹೆಜ್ಜೆ ಎಣಿಸಬೇಕೆಂದುಕೊಂಡೆ. ಮಗನ ಕೈಗೆ ಹುಣಿಸೆಬೀಜ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿದೆ. ಬೆಳಗಿನ ತಿಂಡಿ, ನಾಲ್ಕು ಡಬ್ಬಿಯ ಊಟ ಮುಗಿಯುವಷ್ಟರಲ್ಲಿ ನಾನು ಒಲೆ ಬಿಟ್ಟು ಬೇರೆ ಮೂಲೆಗೆ ತಿರುಗಿದಾಗಲೆಲ್ಲ ಅವನು ಲೋಟಕ್ಕೆ ಒಂದು ಬೀಜ ಹಾಕಬೇಕು. 63 ಬೀಜ ಬಿದ್ದವು. ಅದರಲ್ಲಿ ಅರ್ಧದಷ್ಟು ಮೂರೇ ಕಾರಣಕ್ಕೆ: ಉಪ್ಪು-ಸಾಂಬಾರಪುಡಿ ಎದುರು ಗೋಡೆಯಲ್ಲಿತ್ತು, ಮಿಕ್ಸಿ ಯುಟಿಲಿಟಿಯಲ್ಲಿತ್ತು, ತಟ್ಟೆ-ಲೋಟ ಹಾಲ್‌ನ ಗಾಜಿನ ಬೀರುವಿನಲ್ಲಿತ್ತು. ಒಲೆಯ ಬಲಗೈ ಪಕ್ಕದ ಗೋಡೆಗೆ ಮೂರು ಇಂಚು ಆಳದ ಹಲಗೆ ಹೊಡೆಸಿದೆ. ಒಂದೇ ಸಾಲು ಡಬ್ಬಿ ಹಿಡಿಯುವಷ್ಟು, ಅದಕ್ಕಿಂತ ಹೆಚ್ಚು ಬೇಡ. ಆಳದ ಬೀರುವಿನಲ್ಲಿ ಹಿಂದಿನ ಡಬ್ಬಿ ಕಣ್ಣಿಗೆ ಬೀಳುವುದಿಲ್ಲ. ಕಾಣದ ಬೇಳೆಯನ್ನು ಮತ್ತೆ ಕೊಂಡು ತರುತ್ತೇವೆ, ಹಳೆಯದಕ್ಕೆ ಹುಳು ಬೀಳುತ್ತದೆ. ಮಿಕ್ಸಿ ಕಟ್ಟೆಯ ಮೂಲೆಗೆ ಬಂತು. ದಿನದ ತಟ್ಟೆಗಳು ಸಿಂಕಿನ ಮೇಲಿನ ತಂತಿ ಸ್ಟ್ಯಾಂಡಿನಲ್ಲೇ ಒಣಗಿ ಅಲ್ಲೇ ಇರುತ್ತವೆ. ಮತ್ತೆ ಎಣಿಸಿದಾಗ 38 ಬೀಜ. ಮನೆಯ ನೆಲ ಹೆಚ್ಚಲಿಲ್ಲ, ನನ್ನ ಬೆಳಗಿನ ಕಾಲು ಗಂಟೆ ಉಳಿಯಿತು. ಅಡುಗೆಮನೆಯಲ್ಲಿ ಒಂದೇ ಒಂದು ವಿಷಯದಲ್ಲಿ ಮಾತ್ರ ಜಾಗ ಉಳಿಸಲು ಹೋಗಬೇಡಿ: ಗ್ಯಾಸ್ ಸಿಲಿಂಡರನ್ನು ಗಾಳಿಯಾಡದ ಬೀರುವಿನೊಳಗೆ ಮುಚ್ಚಿಡಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಬೀರುವಿನ ಬಾಗಿಲಿಗೆ ಕೆಳಭಾಗದಲ್ಲಿ ಗಾಳಿಕಂಡಿ ಇರಲೇಬೇಕು.

ಇನ್ನು ಅಟ್ಟ. ನಮ್ಮಲ್ಲಿ ಎರಡೂ ಕೋಣೆಯಲ್ಲಿ ಏಳಡಿ ಎತ್ತರದಲ್ಲಿ ಕಾಂಕ್ರೀಟಿನ ಅಟ್ಟ ಇದೆ. ವರ್ಷಕ್ಕೊಮ್ಮೆ ಬೇಕಾಗುವುದಕ್ಕೆ ಮಾತ್ರ ಅದು. ನಮ್ಮ ಮನೆಯಲ್ಲಿ ಅಂಥದ್ದರಲ್ಲಿ ಮೊದಲನೆಯದು ದಸರೆಯ ಗೊಂಬೆ. ಪಟ್ಟದ ಗೊಂಬೆಯಿಂದ ಹಿಡಿದು ಅತ್ತೆ ಮದುವೆಯಾಗಿ ಬಂದಾಗಿನಿಂದ ಕೂಡಿಸಿದ ಮಣ್ಣಿನ ಗೊಂಬೆಗಳವರೆಗೆ ನಾಲ್ಕು ಟ್ರಂಕು. ಗೊಂಬೆ ಕೂರಿಸಲು ಮಡಚುವ ಸ್ಟೀಲು ಮೆಟ್ಟಿಲು ಕೊಳ್ಳೋಣವೆಂದು ನಾನು ಹೇಳಿದಾಗ ಅತ್ತೆ ಒಪ್ಪಲಿಲ್ಲ. "ಮೆಟ್ಟಿಲು ಇಡೋಕೆ ಇನ್ನೊಂದು ಅಟ್ಟ ಕಟ್ಟಿಸ್ತೀಯೇನಮ್ಮ?" ಎಂದು ಕೇಳಿದರು. ಖಾಲಿಯಾದ ಟ್ರಂಕುಗಳನ್ನೇ ಒಂದರ ಹಿಂದೊಂದು ಎತ್ತರಕ್ಕೆ ಜೋಡಿಸಿ, ಹಲಗೆ ಇಟ್ಟು ಬಿಳಿ ಪಂಚೆ ಹೊದಿಸಿದರು. ಗೊಂಬೆಗಳನ್ನು ಹೊತ್ತು ತಂದ ಪೆಟ್ಟಿಗೆಗಳೇ ಒಂಬತ್ತು ದಿನ ಅವುಗಳ ಮೆಟ್ಟಿಲು. ಹಳೆಯ ಮನೆಗಳಲ್ಲಿ ಹೀಗೆಯೇ ಮಾಡುತ್ತಿದ್ದರು, ನಾನು ಮರೆತಿದ್ದೆ.

ಆದರೆ ಅಟ್ಟಕ್ಕೆ ಹೋದದ್ದೆಲ್ಲ ಇಳಿದು ಬರುತ್ತದೆಂದು ನಂಬಬಾರದು. ಅತ್ತೆಯ ತಾಮ್ರದ ಹಂಡೆ ಎರಡು ವರ್ಷ ಅಲ್ಲಿತ್ತು. ಒಲೆ ಇಲ್ಲ, ಬಚ್ಚಲಲ್ಲಿ ಗೀಸರು. ಅದನ್ನು ಮಾರಲು ಅವರಿಗೆ ಮನಸ್ಸಿಲ್ಲ, ಕೇಳಲು ನನಗೆ ಬಾಯಿಲ್ಲ. ಕೊನೆಗೊಂದು ದಿನ ಅವರೇ ನಾದಿನಿಗೆ ಫೋನು ಮಾಡಿದರು. ಆಕೆಯ ಹಳ್ಳಿಮನೆಯಲ್ಲಿ ಇನ್ನೂ ಸೌದೆ ಒಲೆಯ ಬಚ್ಚಲಿದೆ. ಹಂಡೆ ಹುಣಿಸೆಹಣ್ಣು ತಿಕ್ಕಿಸಿಕೊಂಡು ಹೊಳೆಯುತ್ತಾ ಹೋಯಿತು. ಈಗ ಅತ್ತೆ ಊರಿಗೆ ಹೋದಾಗ ಅದೇ ಹಂಡೆಯ ನೀರಲ್ಲಿ ಸ್ನಾನ ಮಾಡಿ ಬರುತ್ತಾರೆ. ಮನೆಯಲ್ಲಿ ಸುಮ್ಮನೆ ಕೂತಿರುವ ಹಿರಿಯರ ವಸ್ತುವನ್ನು ತೆಗೆಯುವ ಮಾತು ಮಕ್ಕಳು ಸೊಸೆಯಂದಿರ ಬಾಯಿಂದ ಬರಬಾರದು. ಅದಕ್ಕೆ ಕೆಲಸ ಸಿಗುವ ಜಾಗವನ್ನು ಹುಡುಕಿಕೊಡಬೇಕು, ತೀರ್ಮಾನ ಅವರದಾಗಬೇಕು.

ನಾವು ಮಾಡಿದ ದೊಡ್ಡ ತಪ್ಪನ್ನೂ ಬರೆಯುತ್ತೇನೆ. ಮನೆಗೆ ಬಂದ ಮೊದಲ ವರ್ಷ, ಸಾಮಾನು ಮುಚ್ಚಿಡಲು ಬೇಕೆಂದು ದೊಡ್ಡ ಕೋಣೆಯ ಒಂದು ಗೋಡೆಯುದ್ದಕ್ಕೂ, ನೆಲದಿಂದ ಚಾವಣಿಯವರೆಗೆ ವಾರ್ಡ್‌ರೋಬ್ ಮಾಡಿಸಿದೆವು. ಆ ಗೋಡೆಯ ಆಚೆ ಬಚ್ಚಲು. ಎರಡನೆಯ ಮಳೆಗಾಲದಲ್ಲಿ ನನ್ನ ರೇಷ್ಮೆ ಸೀರೆಗಳಿಂದ ಮುಗ್ಗಲು ವಾಸನೆ ಬಂತು. ಹಿಂದಿನ ಹಲಗೆ ತೆಗೆಸಿದರೆ ಗೋಡೆಯಿಡೀ ಕಪ್ಪು ಬೂಷ್ಟು. ಮಾಡಿಕೊಟ್ಟವರು ಗೋಡೆಗೆ ಅಂಟಿಸಿಯೇ ನಿಲ್ಲಿಸಿದ್ದರು, ಗಾಳಿಗೆ ಒಂದು ಬೆರಳು ಸಂದೂ ಬಿಟ್ಟಿರಲಿಲ್ಲ. ಹಾಕಿದ ಪ್ಲೈವುಡ್ಡೂ ನೀರು ತಡೆಯುವಂಥದ್ದಲ್ಲ. ಮೂರು ಸೀರೆ ಹಾಳಾದವು, ಅದರಲ್ಲೊಂದು ಅಮ್ಮನದು. ಬಚ್ಚಲ ಪಕ್ಕದ ಗೋಡೆಗೆ, ಮಳೆ ಹೊಡೆಯುವ ಹೊರಗೋಡೆಗೆ ಬೀರು ಇಡುವುದಾದರೆ ಎರಡು ಇಂಚು ಬಿಟ್ಟು ಇಡಿ. ನೀರಿನ ಹತ್ತಿರದ ಕೆಲಸಕ್ಕೆ ಐಎಸ್ 710 ಎಂದು ಮುದ್ರೆಯಿರುವ ಹಾಳೆಯನ್ನೇ ಕೇಳಿ, ಮುದ್ರೆ ಕಣ್ಣಾರೆ ನೋಡಿ.

ಬಾಗಿಲಿನ ಲೆಕ್ಕ ನನ್ನ ವಿದ್ಯಾರ್ಥಿಗಳಿಗೂ ಕೊಟ್ಟಿದ್ದೇನೆ. ಮೂರಡಿ ಅಗಲದ ಬಾಗಿಲು ತೆರೆಯುವಾಗ ನೆಲದ ಮೇಲೆ ಕಾಲು ವೃತ್ತ ಬರೆಯುತ್ತದೆ, ತ್ರಿಜ್ಯ ಮೂರಡಿ. ವಿಸ್ತೀರ್ಣ ಏಳು ಚದರಡಿ. ಆ ಏಳು ಚದರಡಿಯಲ್ಲಿ ಏನನ್ನೂ ಇಡುವಂತಿಲ್ಲ. ಅಡುಗೆಮನೆಯ ಬಾಗಿಲನ್ನು ತೆಗೆಸಿಬಿಟ್ಟೆವು. ಸಣ್ಣ ಕೋಣೆಗೆ ಗೋಡೆಯ ಮೇಲೆ ಜಾರುವ ಬಾಗಿಲು ಹಾಕಿಸಿದೆವು. ಉಳಿದ ಮೂಲೆಯಲ್ಲಿ ಈಗ ಮಗಳ ಪುಸ್ತಕದ ಬೀರು ನಿಂತಿದೆ.

ಬಾಲ್ಕನಿಯ ಮಾತು ಬಂದರೆ ನಾನು ಹಟಮಾರಿ. ನಾಲ್ಕಡಿಗೆ ಎಂಟಡಿಯ ನಮ್ಮ ಬಾಲ್ಕನಿಗೆ ಗಾಜು ಹಾಕಿಸಿ ಕೋಣೆ ಮಾಡಿಕೊಳ್ಳಿ ಎಂದವರು ಬಹಳ ಜನ. ಅಕ್ಕಪಕ್ಕದಲ್ಲಿ ಹಾಗೆ ಮಾಡಿಕೊಂಡವರ ಬಾಲ್ಕನಿಗಳಲ್ಲಿ ಹಳೆ ಟಿವಿಯ ಡಬ್ಬ, ಮುರಿದ ಸೈಕಲ್ಲು, ಖಾಲಿ ನೀರಿನ ಕ್ಯಾನುಗಳಿವೆ. ಒಳಗಿನ ಹಾಲ್‌ಗಳಲ್ಲಿ ಮಧ್ಯಾಹ್ನವೂ ದೀಪ ಹಾಕಬೇಕು. ವಠಾರದ ಆ ಪುಟ್ಟ ಮನೆಯಲ್ಲಿ ಆರು ಜನ ಬದುಕಲು ಆಗಿದ್ದು ಮನೆಯ ಮುಂದಿನ ಜಗಲಿಯಿಂದ. ಅಮ್ಮ ಅವರೆಕಾಯಿ ಸುಲಿದದ್ದು, ಅಜ್ಜಿ ಬಿಸಿಲು ಕಾಯಿಸಿಕೊಂಡದ್ದು, ನಾವು ಮಗ್ಗಿ ಹೇಳಿದ್ದು, ಅಪ್ಪ ಸಂಜೆ ಪತ್ರಿಕೆ ಓದಿದ್ದು ಎಲ್ಲವೂ ಅಲ್ಲೇ. ಫ್ಲ್ಯಾಟಿಗೆ ಉಳಿದಿರುವ ಒಂದೇ ಜಗಲಿ ಬಾಲ್ಕನಿ. ನಮ್ಮದರಲ್ಲಿ ಮೇಲೆ ಬಟ್ಟೆಯ ಕಂಬಿ, ಕೆಳಗೆ ಎರಡು ಬೆತ್ತದ ಕುರ್ಚಿ, ತುಳಸಿ, ದೊಡ್ಡಪತ್ರೆ. ಅಷ್ಟೇ. ಡಿಸೆಂಬರಿನಲ್ಲಿ ಅವರೆಕಾಯಿ ಇಂದಿಗೂ ಹೊರಗೇ ಸುಲಿಯುತ್ತೇವೆ. ಮುಂಬಾಗಿಲ ಆಚೆಯ ಕಾರಿಡಾರು ಮಾತ್ರ ಯಾರ ಜಗಲಿಯೂ ಅಲ್ಲ. ಅಲ್ಲಿ ಚಪ್ಪಲಿ ಬೀರು, ಸೈಕಲ್ಲು ಪೇರಿಸಿದರೆ ಬೆಂಕಿ ಬಿದ್ದ ದಿನ ಓಡಲು ದಾರಿಯಿರುವುದಿಲ್ಲ.

ಮನೆ ಚಿಕ್ಕದಾದರೆ ಎಲ್ಲಕ್ಕಿಂತ ಮೊದಲು ಕೊರತೆಯಾಗುವುದು ಏಕಾಂತ. ಮಗಳು ಒಂದು ದಿನ ಬಚ್ಚಲಿಗೆ ಹೋಗಿ ಅರ್ಧ ಗಂಟೆ ಹೊರಬರಲಿಲ್ಲ. ಏನಾಯಿತೆಂದು ಗಾಬರಿಯಿಂದ ಬಾಗಿಲು ತಟ್ಟಿದರೆ, "ಅಮ್ಮಾ, ಒಬ್ಬಳೇ ಇರೋಕೆ ಇದೊಂದೇ ಜಾಗ" ಎಂದಳು. ಆ ಮಾತು ನನ್ನನ್ನು ಚುಚ್ಚಿತು. ಅಂದು ಎಲ್ಲರೂ ಕೂತು ಮಾತಾಡಿದೆವು. ಸಂಜೆ ಐದರಿಂದ ಏಳು, ಅತ್ತೆ ಗಣಪತಿ ಗುಡಿಗೆ ಹೋಗಿ ಪಾರ್ಕಿನಲ್ಲಿ ಗೆಳತಿಯರೊಡನೆ ಕೂತು ಬರುವ ಹೊತ್ತು, ಸಣ್ಣ ಕೋಣೆ ಮಗಳದು. ಬಾಗಿಲು ಹಾಕಿಕೊಂಡರೆ ಯಾರೂ ತಟ್ಟುವುದಿಲ್ಲ. ಬೆಳಿಗ್ಗೆ ಐದರಿಂದ ಆರು ಬಾಲ್ಕನಿ ನನ್ನದು. ಯಜಮಾನರಿಗೆ ಭಾನುವಾರ ಮಧ್ಯಾಹ್ನದ ಹಾಲ್. ಅತ್ತೆಗೆ ಪೂಜೆಯ ಹೊತ್ತು. ಮಗ ಇನ್ನೂ ಏನೂ ಕೇಳಿಲ್ಲ. ಕೇಳುವ ವಯಸ್ಸು ಬರುತ್ತಿದೆ.

ಹೊಸ ಸಾಮಾನು ಕೊಳ್ಳಬೇಕೆಂದಿರುವವರಿಗೆ ನನ್ನದೊಂದು ಕೋರಿಕೆ. ಅಂಗಡಿಗೆ ಹೋಗುವ ಮೊದಲು ಅದರ ಉದ್ದ ಅಗಲಕ್ಕೆ ಸರಿಯಾಗಿ ಹಳೆ ಪತ್ರಿಕೆಗಳನ್ನು ಅಂಟಿಸಿ, ಎಲ್ಲಿ ಇಡಬೇಕೆಂದಿದ್ದೀರೋ ಅಲ್ಲಿ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೂ ಟೇಪು ಹಚ್ಚಿ ಮೂರು ದಿನ ಬಿಡಿ. ಮನೆಯವರಿಗೆ ಏನೂ ಹೇಳಬೇಡಿ. ಮೂರನೆಯ ದಿನ ಆ ಕಾಗದವನ್ನು ನೋಡಿ. ಅದು ಹರಿದಿದ್ದರೆ, ಅದರ ಮೇಲೆ ಕಾಲಿನ ಗುರುತುಗಳಿದ್ದರೆ, ಅದು ನಿಮ್ಮ ಮನೆಯವರು ಓಡಾಡುವ ಜಾಗ. ಅಲ್ಲಿ ಏನನ್ನೂ ಇಡಬೇಡಿ.